ಉಪಗ್ರಹ ಚಿತ್ರಗಳಿಂದ ಕೊಳೆಗೇರಿ ಗುರುತಿಸುವಿಕೆ

ಉಪಗ್ರಹ ಚಿತ್ರಗಳಿಂದ ಕೊಳೆಗೇರಿ ಗುರುತಿಸುವಿಕೆ ಎಂಬುದು ದೂರಸಂವೇದನೆ ಮತ್ತು ಕೃತಕ ಬುದ್ಧಿಮತ್ತೆಯ ನೆರವಿನಿಂದ, ನಗರಗಳಲ್ಲಿ ಮೂಲಸೌಕರ್ಯವಿಲ್ಲದೆ ಬದುಕುವವರ ನೆಲೆಗಳನ್ನು ಪತ್ತೆಮಾಡುವ ಅಧ್ಯಯನ ವಿಧಾನ. ಇದು ಮನೆಮನೆ ಸಮೀಕ್ಷೆಗೆ ಪೂರಕವೇ ಹೊರತು ಪರ್ಯಾಯವಲ್ಲ.

ಹಿನ್ನೆಲೆ

ಸುಧಾರಿತ ನೀರು ಪೂರೈಕೆ, ಶೌಚ ವ್ಯವಸ್ಥೆ, ಬಾಳಿಕೆ ಬರುವ ಮನೆ, ಸಾಕಷ್ಟು ವಾಸಸ್ಥಳ, ಒಕ್ಕಲೆಬ್ಬಿಸುವ ಭಯವಿಲ್ಲದ ಹಿಡುವಳಿ - ಇವುಗಳಲ್ಲಿ ಒಂದು ಇಲ್ಲದಿದ್ದರೂ ಅದನ್ನು ಕೊಳೆಗೇರಿ ಕುಟುಂಬವೆಂದು ವಿಶ್ವಸಂಸ್ಥೆಯ ಯುಎನ್-ಹ್ಯಾಬಿಟಾಟ್ ಪರಿಗಣಿಸುತ್ತದೆ. ಭಾರತದ 2011ರ ಜನಗಣತಿಯು ಸುಮಾರು 6.5 ಕೋಟಿ ಜನರನ್ನು ಕೊಳೆಗೇರಿ ನಿವಾಸಿಗಳೆಂದು ಲೆಕ್ಕಹಾಕಿತು. ಆದರೆ ಸರ್ಕಾರವು ಘೋಷಿಸದ ಅಥವಾ ಮಾನ್ಯಮಾಡದ ನೆಲೆಯಲ್ಲಿ ಕನಿಷ್ಠ 300 ಜನ ಅಥವಾ 60-70 ಮನೆಗಳಿದ್ದರೆ ಮಾತ್ರ ಅದು ಈ ಗಣತಿಯಲ್ಲಿ ಕೊಳೆಗೇರಿ ಎನಿಸಿತು. ಹತ್ತಿಪ್ಪತ್ತು ಡೇರೆಗಳ ಗುಂಪು ಲೆಕ್ಕದ ಹೊರಗೇ ಉಳಿಯುತ್ತದೆ.

ವಿಧಾನ

ಮೇಲಿನಿಂದ ನೋಡಿದಾಗ ಕೊಳೆಗೇರಿಗೆ ತನ್ನದೇ ಆದ ಚಹರೆಯಿರುತ್ತದೆ: ಒತ್ತೊತ್ತಾದ ಸಣ್ಣ ಸೂರುಗಳು, ಅಂಕುಡೊಂಕಾದ ಕಿರುದಾರಿಗಳು, ಮರಗಳ ಕೊರತೆ, ಕೆರೆಯಂಚು, ರಾಜಕಾಲುವೆ ಅಥವಾ ರೈಲುಹಳಿಯ ಸಾಮೀಪ್ಯ. ಕ್ಷೇತ್ರಕಾರ್ಯದಿಂದ ತಿಳಿದುಬಂದ ಕೊಳೆಗೇರಿಗಳ ಚಿತ್ರಗಳನ್ನು ನ್ಯೂರಲ್ ಜಾಲಕ್ಕೆ ಮಾದರಿಯಾಗಿ ಒದಗಿಸಿದರೆ, ಅದು ಇಂಥದೇ ವಿನ್ಯಾಸವನ್ನು ಬೇರೆಡೆ ಹುಡುಕುತ್ತದೆ. ಉಚಿತವಾಗಿ ದೊರೆಯುವ ಯುರೋಪಿನ ಸೆಂಟಿನೆಲ್-2 ಚಿತ್ರಗಳಲ್ಲಿ ಅತಿ ಸೂಕ್ಷ್ಮವಾದ ಪಿಕ್ಸೆಲ್‌ನ ಅಗಲವೂ 10 ಮೀಟರ್. ಒಂಟಿ ಗುಡಿಸಲು ಅದರಲ್ಲಿ ಕರಗಿಹೋಗುತ್ತದೆ. ಗುಡಿಸಲನ್ನು ಬಿಡಿಯಾಗಿ ತೋರಿಸುವ ಚಿತ್ರಗಳು ದುಬಾರಿ.

2016ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ರಾತ್ರಿಯ ಬೆಳಕಿನ ಚಿತ್ರಗಳನ್ನೂ ಹಗಲಿನ ಚಿತ್ರಗಳನ್ನೂ ಜೋಡಿಸಿ ಆಫ್ರಿಕಾದ ಐದು ದೇಶಗಳ ಬಡತನವನ್ನು ಅಂದಾಜಿಸಿದುದು ಈ ಕ್ಷೇತ್ರದತ್ತ ಹೆಚ್ಚಿನ ಗಮನ ಸೆಳೆಯಿತು.

ಬೆಂಗಳೂರಿನ ನಿದರ್ಶನ

ಬೆಂಗಳೂರಿನಲ್ಲಿ ನಡೆದ ಅಧ್ಯಯನಗಳಲ್ಲಿ ನೀಲಿ ಟಾರ್ಪಾಲು ಮುಖ್ಯ ಸುಳಿವಾಯಿತು. ಕಟ್ಟಡ ಕೂಲಿಗಾಗಿ ಉತ್ತರ ಕರ್ನಾಟಕದಿಂದ ಮತ್ತು ಹೊರರಾಜ್ಯಗಳಿಂದ ಬಂದವರು ಖಾಲಿ ನಿವೇಶನಗಳಲ್ಲಿ ಹಾಕಿಕೊಂಡ ಡೇರೆಗಳು ಉಪಗ್ರಹ ಚಿತ್ರದಲ್ಲಿ ನೀಲಿ ಚುಕ್ಕೆಗಳ ಗುಂಪಾಗಿ ಕಾಣುತ್ತವೆ. ಇವುಗಳಲ್ಲಿ ಹೆಚ್ಚಿನವು ಸರ್ಕಾರಿ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿರುವ ಹಳೆಯ ಕೊಳೆಗೇರಿಗಳಲ್ಲಾದರೋ ಬಹುಪಾಲು ಆರ್‌ಸಿಸಿ ಮನೆಗಳು ಎದ್ದಿವೆ. ವಿದ್ಯುತ್, ನೀರಿನ ಸಂಪರ್ಕವೂ ಬಂದಿದೆ. 1973ರ ಕರ್ನಾಟಕ ಕೊಳಚೆ ಪ್ರದೇಶಗಳ ಕಾಯ್ದೆಯ ಸುಧಾರಣಾ ಕ್ರಮಗಳಿಗೆ ಘೋಷಣೆಯೇ ಆಧಾರವಾದುದರಿಂದ, ಅತಿ ಬಡವರೇ ಅದರ ಆಚೆ ಉಳಿದಂತಾಗಿದೆ.

ಮಿತಿಗಳು

ಉಪಗ್ರಹಕ್ಕೆ ಕಾಣುವುದು ಸೂರು ಮಾತ್ರ. ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಮನೆಯವರ ಬಳಿ ಹಕ್ಕುಪತ್ರವಿದೆಯೇ ಎಂಬುದು ಅದಕ್ಕೆ ತಿಳಿಯದು. ತಾರಸಿ ಮನೆಗಳ ಕೊಳೆಗೇರಿಯನ್ನೂ ಹಳೆಯ ಪೇಟೆ ಬೀದಿಯನ್ನೂ ಯಂತ್ರವು ಒಂದೆಂದೇ ಭಾವಿಸಬಹುದು. ಒಂದು ನಗರದ ಮಾದರಿಗಳಿಂದ ಕಲಿತ ಯಂತ್ರ ಮತ್ತೊಂದು ನಗರದಲ್ಲಿ ಎಡವುವುದೂ ಸಾಮಾನ್ಯ.

ಇದಕ್ಕಿಂತ ಗಂಭೀರವಾದುದು ನಕ್ಷೆಯ ಬಳಕೆಯ ಪ್ರಶ್ನೆ. ನೀರಿನ ಕೊಳವೆ ಎಲ್ಲಿಗೆ ಒಯ್ಯಬೇಕೆಂದು ತೋರಿಸುವ ನಕ್ಷೆಯೇ ಯಾರನ್ನು ತೆರವುಗೊಳಿಸಬೇಕೆಂಬುದನ್ನೂ ತೋರಿಸಬಲ್ಲದು. ಈ ಕಾರಣಕ್ಕೆ ಕೆಲವು ಸಂಶೋಧಕರು ಜೋಪಡಿಗಳ ನಿಖರ ಗಡಿಯನ್ನು ಪ್ರಕಟಿಸದೆ, ನಗರವನ್ನು ಚೌಕಗಳಾಗಿ ವಿಂಗಡಿಸಿ ಪ್ರತಿ ಚೌಕದ ಕೊರತೆಯ ಮಟ್ಟವನ್ನಷ್ಟೇ ಸೂಚಿಸುತ್ತಾರೆ. ನಿವಾಸಿಗಳನ್ನೇ ನಕ್ಷೆಯ ಪರಿಶೀಲನೆಯಲ್ಲಿ ತೊಡಗಿಸಿಕೊಳ್ಳುವ ಪ್ರಯತ್ನಗಳೂ ನಡೆದಿವೆ.