ಕೋಣೆಯಿಂದ ತೊಡೆಗೆ ಬಂದ ವಾದ್ಯ

ಕಳೆದ ಈದ್‌ಗೆ ಮನೆಗೆ ಬಂದಿದ್ದ ತಂಗಿಯ ಮಗ ಊಟ ಮುಗಿಸಿ ಕೈ ತೊಳೆದವನೇ ಒಂದು ಕಾಗದವನ್ನು ನನ್ನ ಮುಂದಿಟ್ಟ. ಅದರಲ್ಲಿ ಆರು ಲ್ಯಾಪ್‌ಟಾಪ್‌ಗಳ ಹೆಸರು. ಪ್ರತಿಯೊಂದರ ಎದುರು ಪ್ರೊಸೆಸರ್, ಮೆಮೊರಿ, ಬೆಲೆ. ಎಲೆಕ್ಟ್ರಾನಿಕ್ ಸಂಗೀತ ರಚಿಸಬೇಕು, ಸಾಧ್ಯವಾದರೆ ವೇದಿಕೆಯಲ್ಲೂ ನುಡಿಸಬೇಕು ಎಂಬುದು ಅವನ ಆಸೆ. "ಇದರಲ್ಲಿ ಯಾವುದನ್ನು ಕೊಳ್ಳಲಿ?" ಎಂದು ಕೇಳಿದ. ಪಟ್ಟಿಯ ಮೊದಲಲ್ಲಿದ್ದ ಯಂತ್ರದ ಬೆಲೆ ಅವನ ತಂದೆಯ ನಾಲ್ಕೈದು ತಿಂಗಳ ದುಡಿಮೆಗೆ ಸಮ. ತಂಗಿ ಏನೂ ಮಾತಾಡಲಿಲ್ಲ. ಆದರೆ ಅವಳ ಬಲಗೈ ಎಡಗೈಯ ಬಳೆಯ ಮೇಲೆ ಹೋದದ್ದನ್ನು ನಾನು ನೋಡಿದೆ.

ನಾನು ಸಂಗೀತಗಾರನಲ್ಲ, ಇತಿಹಾಸ ಓದುವವನು. ಅವನಿಗೆ ಕೂಡಲೇ ಉತ್ತರ ಹೇಳುವ ಬದಲು, ಕಂಪ್ಯೂಟರು ವಾದ್ಯವಾದ ಕಥೆಯನ್ನು ಹೇಳಿದೆ. ಏಕೆಂದರೆ ಅವನ ಪ್ರಶ್ನೆ ಅವನೊಬ್ಬನದಲ್ಲ. ಎಪ್ಪತ್ತು ವರ್ಷಗಳಿಂದ ಸಂಗೀತಗಾರರು ಅದನ್ನು ಕೇಳುತ್ತಲೇ ಬಂದಿದ್ದಾರೆ.

ಮೊದಲ ಕಂಪ್ಯೂಟರುಗಳು ಸಂಗೀತಕ್ಕಾಗಿ ಹುಟ್ಟಿದವುಗಳಲ್ಲ. ಅವು ಒಂದಿಡೀ ಕೋಣೆಯನ್ನು ತುಂಬುತ್ತಿದ್ದ ಲೆಕ್ಕದ ಯಂತ್ರಗಳು. ಲೆಕ್ಕ ಸರಿಯಾಗಿ ಸಾಗುತ್ತಿದೆಯೇ ಎಂದು ಕೆಲಸಗಾರರಿಗೆ ತಿಳಿಯಲೆಂದು ಕೆಲವು ಯಂತ್ರಗಳಿಗೆ ಸಣ್ಣದೊಂದು ಧ್ವನಿವರ್ಧಕ ಜೋಡಿಸಿರುತ್ತಿದ್ದರು. 1951ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ನಡೆದ ಸಮ್ಮೇಳನವೊಂದರಲ್ಲಿ, ಮುಂದೆ ಸಿಸಿರಾಕ್ ಎಂದು ಹೆಸರಾದ ಯಂತ್ರ ಅದೇ ಧ್ವನಿವರ್ಧಕದಿಂದ ಒಂದು ಸಿಪಾಯಿ ನಡಿಗೆಯ ರಾಗವನ್ನು ನುಡಿಸಿತು. ಅದೇ ವರ್ಷ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿದ್ದ ಫೆರಾಂಟಿ ಯಂತ್ರ ನುಡಿಸಿದ ಮೂರು ಧಾಟಿಗಳನ್ನು ಬಿಬಿಸಿ ಧ್ವನಿಮುದ್ರಿಸಿಕೊಂಡಿತು. ದೋಷ ತಿಳಿಸಲೆಂದು ಇಟ್ಟಿದ್ದ ಸದ್ದನ್ನೇ ಯಾರೋ ಹಾಡಾಗಿ ಮಾಡಿದರು. ಈ ಇತಿಹಾಸ ಆರಂಭವಾಗುವುದೇ ಕೈಗೆ ಸಿಕ್ಕಿದ್ದನ್ನು ಬೇರೆ ಕೆಲಸಕ್ಕೆ ಬಳಸಿದವರಿಂದ.

ಧ್ವನಿಯನ್ನೇ ಅಂಕಿಗಳಿಂದ ಕಟ್ಟುವ ಕೆಲಸ ನಡೆದದ್ದು 1957ರಲ್ಲಿ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಎಂಜಿನಿಯರ್ ಮ್ಯಾಕ್ಸ್ ಮ್ಯಾಥ್ಯೂಸ್, ಹವ್ಯಾಸಿ ಪಿಟೀಲು ವಾದಕ, ಐಬಿಎಂ 704 ಯಂತ್ರಕ್ಕಾಗಿ 'ಮ್ಯೂಸಿಕ್' ಎಂಬ ಪ್ರೋಗ್ರಾಮ್ ಬರೆದರು. ಅದರಿಂದ ಹೊರಟ ಮೊದಲ ರಚನೆ 17 ಸೆಕೆಂಡಿನದು. ಯಂತ್ರ ಇದ್ದದ್ದು ನ್ಯೂಯಾರ್ಕಿನಲ್ಲಿ. ಅಂಕಿಗಳನ್ನು ಧ್ವನಿಯಾಗಿಸುವ ಉಪಕರಣ ಇದ್ದದ್ದು ನ್ಯೂಜೆರ್ಸಿಯ ಪ್ರಯೋಗಾಲಯದಲ್ಲಿ. ಲೆಕ್ಕ ತುಂಬಿದ ಟೇಪನ್ನು ಹೊತ್ತು ತಂದು ಅಲ್ಲಿ ಕೇಳಬೇಕಿತ್ತು. ಸ್ವರವನ್ನು ಬಯಸಿದ ಕ್ಷಣಕ್ಕೂ ಅದು ಕಿವಿಗೆ ಬೀಳುವ ಕ್ಷಣಕ್ಕೂ ನಡುವೆ ಒಂದು ಪ್ರಯಾಣವೇ ಇತ್ತು.

ಮುಂದಿನ ಇತಿಹಾಸವೆಲ್ಲ ಈ ಅಂತರವನ್ನು ಕಿರಿದಾಗಿಸಿದ ಇತಿಹಾಸ ಎಂದರೆ ತಪ್ಪಾಗದು. ಪ್ಯಾರಿಸ್‌ನಲ್ಲಿ 1977ರಲ್ಲಿ ಬಾಗಿಲು ತೆರೆದ ಇರ್ಕಾಮ್ ಸಂಸ್ಥೆ ಇದಕ್ಕೆಂದೇ ದೊಡ್ಡ ಯಂತ್ರಗಳನ್ನು ಕಟ್ಟಿಸಿತು. ಅಲ್ಲಿನ '4ಎಕ್ಸ್' ಎಂಬ ಯಂತ್ರ ವಾದ್ಯಗಾರರ ಸ್ವರವನ್ನು ಅವರು ನುಡಿಸುತ್ತಿರುವಾಗಲೇ ಬದಲಿಸಬಲ್ಲದಾಗಿತ್ತು. ಅದನ್ನು ಆಳುವುದಕ್ಕೆಂದು 1980ರ ದಶಕದ ಉತ್ತರಾರ್ಧದಲ್ಲಿ ಮಿಲ್ಲರ್ ಪಕೆಟ್ ಒಂದು ತಂತ್ರಾಂಶ ಬರೆದು, ಮ್ಯಾಥ್ಯೂಸ್ ಅವರ ಗೌರವಕ್ಕೆ 'ಮ್ಯಾಕ್ಸ್' ಎಂದು ಹೆಸರಿಟ್ಟರು. ಆದರೆ ಅಂಥ ಯಂತ್ರದ ಬಳಿ ಸುಳಿಯುವ ಭಾಗ್ಯ ಎಷ್ಟು ಜನರಿಗಿತ್ತು? ಸರಕಾರದ ಹಣ, ಸಂಸ್ಥೆಯ ಆಹ್ವಾನ ಎರಡೂ ಬೇಕಿದ್ದ ಕಾಲವದು.

ಬಾಗಿಲು ತೆರೆದದ್ದು ಬೇರೆ ದಿಕ್ಕಿನಿಂದ. 1983ರಲ್ಲಿ ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ಇಕುತಾರೊ ಕಕೆಹಾಶಿ ಅವರ ಮುಂದಾಳತ್ವದಲ್ಲಿ, ಪರಸ್ಪರ ಸ್ಪರ್ಧಿಗಳಾದ ಕಂಪನಿಗಳು 'ಮಿಡಿ' ಎಂಬ ಒಂದೇ ಭಾಷೆಗೆ ಒಪ್ಪಿದವು. ಯಾವ ಕಂಪನಿಯ ಕೀಬೋರ್ಡಾದರೂ ಇನ್ನೊಂದರೊಡನೆ ಮಾತಾಡಬಹುದಾಯಿತು. ಎರಡು ವರ್ಷದ ಬಳಿಕ, 1985ರಲ್ಲಿ, ಅಟಾರಿ ಕಂಪನಿಯ ಎಸ್‌ಟಿ ಕಂಪ್ಯೂಟರು ಬಂತು. ಅದರ ವೇಗ 8 ಮೆಗಾಹರ್ಟ್ಸ್, ಮೆಮೊರಿ ಅರ್ಧ ಮೆಗಾಬೈಟ್. ಬೆಲೆ ಕಡಿಮೆಯಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ಅದರಲ್ಲೇ ಎರಡು ಮಿಡಿ ಕಿಂಡಿಗಳಿದ್ದವು. ಅಷ್ಟೇ ಸಾಕಾಯಿತು. 1989ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿಯ 'ಕ್ಯೂಬೇಸ್' ಮೊದಲು ಬಂದದ್ದೂ ಈ ಯಂತ್ರಕ್ಕೇ. ಇದಕ್ಕಿಂತ ಬಲಿಷ್ಠ ಕಂಪ್ಯೂಟರುಗಳು ಬಂದು ವರ್ಷಗಳು ಕಳೆದ ಮೇಲೂ ಅನೇಕ ಸಂಗೀತಗಾರರು ಅಟಾರಿಯನ್ನು ಬಿಡಲಿಲ್ಲ. ಅದರ ತಾಳ ತಪ್ಪುವುದಿಲ್ಲ ಎಂಬ ನಂಬಿಕೆಯೇ ಕಾರಣ. ಇಂಗ್ಲೆಂಡಿನ ಫ್ಯಾಟ್‌ಬಾಯ್ ಸ್ಲಿಮ್ 1998ರಲ್ಲಿ ಹೊರತಂದು ಜಗತ್ತಿನಾದ್ಯಂತ ಕೇಳಿಸಿದ ಆಲ್ಬಂ ಅನ್ನು ಅಂಥ ಹಳೆಯ ಅಟಾರಿಯ ಮೇಲೆಯೇ ಕಟ್ಟಿದ್ದರು.

ಅಟಾರಿ 1989ರಲ್ಲಿ 'ಸ್ಟೇಸಿ' ಎಂಬ ತೊಡೆಯ ಕಂಪ್ಯೂಟರನ್ನೂ ಮಾರಿತು. ಮಿಡಿ ಕಿಂಡಿಯಿದ್ದ ಆ ಯಂತ್ರಕ್ಕೆ ದಪ್ಪನೆಯ 12 ಬ್ಯಾಟರಿಗಳನ್ನು ಹಾಕಿದರೆ ಅದು ಓಡುತ್ತಿದ್ದದ್ದು ಸುಮಾರು 15 ನಿಮಿಷ ಮಾತ್ರ. ಕೊನೆಗೆ ಕಂಪನಿಯೇ ಬ್ಯಾಟರಿಯ ಗೂಡನ್ನು ಅಂಟುಹಾಕಿ ಮುಚ್ಚಿತು. ಹೆಸರು ಮಾತ್ರ ತೊಡೆಯದು. ಜೀವ ಗೋಡೆಯ ಪ್ಲಗ್ಗಿನಲ್ಲಿ! ಇಷ್ಟಾದರೂ ಅದನ್ನು ವೇದಿಕೆಗೆ ಹೊತ್ತೊಯ್ದವರಿದ್ದರು.

ಇಲ್ಲಿ ನಮ್ಮ ದೇಶದ ಒಂದು ಪ್ರಸಂಗವನ್ನು ನೆನೆಯಬೇಕು. ಜಪಾನಿನ ರೋಲ್ಯಾಂಡ್ ಕಂಪನಿ 808 ಎಂಬ ತಾಳಯಂತ್ರವನ್ನೂ 303 ಎಂಬ ಬೇಸ್ ಯಂತ್ರವನ್ನೂ ತಯಾರಿಸಿತ್ತು. 303 ಹುಟ್ಟಿದ್ದು ಒಂಟಿ ಗಿಟಾರ್ ವಾದಕನಿಗೆ ಜೊತೆ ನೀಡಲು. ಜನ ಕೊಳ್ಳಲಿಲ್ಲ, 1983–84ರ ಹೊತ್ತಿಗೆ ಎರಡರ ತಯಾರಿಕೆಯೂ ನಿಂತಿತು. ಆದರೆ ಮುಂಬೈಯ ಸಿನಿಮಾ ವಾದ್ಯವೃಂದಗಳಲ್ಲಿ ದುಡಿಯುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಇವೇ ಯಂತ್ರಗಳಿಂದ ಹತ್ತು ರಾಗಗಳ ಒಂದು ಎಲ್.ಪಿ. ಮಾಡಿದರು. ಆಗ ಯಾರೂ ಅದನ್ನು ಲೆಕ್ಕಕ್ಕಿಡಲಿಲ್ಲ. ಕೆಲವೇ ವರ್ಷಗಳಲ್ಲಿ ಅಮೆರಿಕದ ಚಿಕಾಗೋದ ಕಪ್ಪು ಯುವಕರು, ಅಗ್ಗಕ್ಕೆ ಸಿಗುತ್ತಿದ್ದ ಹಳೆಯ 303ನ್ನು ತಂದು 'ಆ್ಯಸಿಡ್ ಹೌಸ್' ಎಂಬ ಹೊಸ ಸಂಗೀತವನ್ನೇ ಹುಟ್ಟಿಸಿದರು. 2010ರಲ್ಲಿ ಚರಣ್‌ಜಿತ್ ಅವರ ಎಲ್.ಪಿ. ಮರುಬಿಡುಗಡೆಯಾದಾಗ ಜಗತ್ತು ಬೆರಗಾಯಿತು. ಅಂಗಡಿಯವರು ಬೇಡವೆಂದದ್ದನ್ನು ಎತ್ತಿಕೊಂಡವರಿಂದಲೇ ಎಲೆಕ್ಟ್ರಾನಿಕ್ ಸಂಗೀತದ ಒಂದು ದೊಡ್ಡ ಭಾಗ ಬೆಳೆದಿದೆ ಎಂಬುದನ್ನು ಇಂದಿನ ಜಾಹೀರಾತುಗಳು ಹೇಳುವುದಿಲ್ಲ.

1990ರ ದಶಕದ ಕೊನೆಗೆ ಲ್ಯಾಪ್‌ಟಾಪ್ ನಿಜಕ್ಕೂ ವಾದ್ಯವಾಗುವಷ್ಟು ಬೆಳೆಯಿತು. ಪಕೆಟ್ 1996ರಲ್ಲಿ 'ಪ್ಯೂರ್ ಡೇಟಾ' ಎಂಬ ಉಚಿತ ತಂತ್ರಾಂಶ ಬಿಡುಗಡೆ ಮಾಡಿದರು. ಒಮ್ಮೆ ಇರ್ಕಾಮ್‌ನ ದೊಡ್ಡ ಯಂತ್ರ ಮಾಡುತ್ತಿದ್ದ ಬಗೆಯ ಕೆಲಸ ಮನೆಯ ಕಂಪ್ಯೂಟರಿಗೆ ಇಳಿದುಬಂತು. ಬರ್ಲಿನ್‌ನ ಗೆರ್ಹಾರ್ಡ್ ಬೇಲೆಸ್, ರಾಬರ್ಟ್ ಹೆಂಕೆ ಮತ್ತು ಜೊತೆಗಾರರ 'ಏಬಲ್ಟನ್ ಲೈವ್' 2001ರಲ್ಲಿ ಬಂತು. ಧ್ವನಿಯ ತುಣುಕುಗಳನ್ನು ನಿಲ್ಲಿಸದೆ, ವೇಗ ಬದಲಿಸುತ್ತ, ಆ ಕ್ಷಣದಲ್ಲೇ ಜೋಡಿಸುತ್ತ ಹೋಗಲು ಅದು ನೆರವಾಯಿತು. ಆಗ ಎದ್ದ ಪ್ರಶ್ನೆ ಮಾತ್ರ ಬೇರೆ: ಪರದೆಯ ಹಿಂದೆ ಕುಳಿತವನು ನುಡಿಸುತ್ತಿದ್ದಾನೋ, ಇ-ಮೇಲ್ ಓದುತ್ತಿದ್ದಾನೋ? ಈ ಸಂಶಯಕ್ಕೆ ಉತ್ತರವಾಗಿ ಕೆಲವರು ತಮ್ಮ ಪರದೆಯನ್ನೇ ಗೋಡೆಯ ಮೇಲೆ ತೋರಿಸತೊಡಗಿದರು. ಉಳಿದವರು ಕೈಯಿಂದ ಒತ್ತುವ, ತಿರುಗಿಸುವ ಸಾಧನಗಳನ್ನು ಜೋಡಿಸಿಕೊಂಡರು. ವಾದ್ಯವೆಂದ ಮೇಲೆ ಕೈ ಕಾಣಬೇಕಲ್ಲ.

ಈಗ ಅಂತರದ ಮಾತಿಗೆ ಮರಳೋಣ. ಸಿ.ಡಿ.ಯ ಮಟ್ಟದ ಧ್ವನಿಗೆ ಕಂಪ್ಯೂಟರು ಸೆಕೆಂಡಿಗೆ 44,100 ಅಂಕಿಗಳನ್ನು ಲೆಕ್ಕ ಹಾಕುತ್ತದೆ. ಒಂದೊಂದಾಗಿ ಅಲ್ಲ, ಕಂತೆ ಕಟ್ಟಿ ಕಳಿಸುತ್ತದೆ. ಕಂತೆಯಲ್ಲಿ 1,024 ಅಂಕಿಗಳಿದ್ದರೆ ಅದೊಂದರಿಂದಲೇ ಸುಮಾರು 23 ಮಿಲಿಸೆಕೆಂಡ್ ತಡ. 128 ಇದ್ದರೆ ಸುಮಾರು 3 ಮಿಲಿಸೆಕೆಂಡ್. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಅಂದರೆ 23 ಮಿಲಿಸೆಕೆಂಡ್ ತಡವೆಂದರೆ, ನಿಮ್ಮ ಬೆರಳು ಇಲ್ಲಿರುವ ತಬಲದ ಮೇಲೆ, ಕಿವಿ ಎಂಟು ಮೀಟರ್ ಆಚೆ! ಕಂತೆ ಚಿಕ್ಕದಾದಷ್ಟೂ ಯಂತ್ರಕ್ಕೆ ಉಸಿರಾಡಲು ಬಿಡುವಿಲ್ಲ. ಒಮ್ಮೆ ತಪ್ಪಿದರೆ ಧ್ವನಿಯಲ್ಲಿ ಚಟಪಟ ಸದ್ದು. ಬಿಸಿಯಾದ ಲ್ಯಾಪ್‌ಟಾಪ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡಾಗಲೂ ಹೀಗಾಗುತ್ತದೆ. ಆದ್ದರಿಂದ ನೋಡಬೇಕಾದದ್ದು ಕಾಗದದಲ್ಲಿ ಬರೆದ ಗರಿಷ್ಠ ವೇಗವನ್ನಲ್ಲ. ಚಿಕ್ಕ ಕಂತೆಯಲ್ಲಿ, ಎರಡು ಗಂಟೆ ಕಾಲ, ಬಿಸಿ ಸಭಾಂಗಣದಲ್ಲಿ ಅದು ತಪ್ಪದೆ ನಡೆಯುತ್ತದೆಯೇ ಎಂಬುದನ್ನು.

ಬೆಂಗಳೂರಿನ ಜಿ. ರಾಜ್ ನಾರಾಯಣ್ ಕೊಳಲು ವಾದಕರೂ ಹೌದು, ಎಂಜಿನಿಯರೂ ಹೌದು. 1979ರಲ್ಲಿ ಅವರು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ಅವರ ರಾಡೆಲ್ ಸಂಸ್ಥೆಯ ಪೆಟ್ಟಿಗೆಗಳು ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ಬೇರೂರಿದವು. ಅದರೊಳಗಿನ ಚಿಪ್ಪಿನ ವೇಗವೆಷ್ಟು ಎಂದು ಯಾವ ವಿದ್ವಾಂಸರೂ ಕೇಳಲಿಲ್ಲ. ಶ್ರುತಿ ಕದಲುತ್ತದೆಯೇ ಎಂದಷ್ಟೇ ಕೇಳಿದರು. ವೇದಿಕೆ ಬೇಡುವುದು ನಂಬಿಕೆಯನ್ನು.

ಇನ್ನೊಂದು ಪಾಠವೂ ಇದೆ. ಜರ್ಮನಿಯ ಎಮ್ಯಾಜಿಕ್ ಕಂಪನಿಯ 'ಲಾಜಿಕ್' ತಂತ್ರಾಂಶ ಒಂದು ಕಾಲಕ್ಕೆ ವಿಂಡೋಸ್‌ನಲ್ಲೂ ಓಡುತ್ತಿತ್ತು. 2002ರಲ್ಲಿ ಆ್ಯಪಲ್ ಆ ಕಂಪನಿಯನ್ನೇ ಕೊಂಡು ವಿಂಡೋಸ್ ಆವೃತ್ತಿಯನ್ನು ನಿಲ್ಲಿಸಿತು. ವರ್ಷಗಟ್ಟಲೆ ಅದರಲ್ಲಿ ಕೆಲಸ ಮಾಡಿದವರು ಯಂತ್ರವನ್ನು ಬದಲಿಸಬೇಕು, ಇಲ್ಲವೇ ಕಲಿತದ್ದನ್ನು ಬಿಡಬೇಕು. ಯಂತ್ರವನ್ನು ಆರಿಸುವಾಗ ನಾವು ಒಬ್ಬ ಯಜಮಾನನನ್ನೂ ಆರಿಸುತ್ತಿರುತ್ತೇವೆ. ಮೊದಲು ತಂತ್ರಾಂಶ, ಆಮೇಲೆ ಅದು ಓಡುವ ಯಂತ್ರ ಎಂಬುದು ಸರಿಯಾದ ಕ್ರಮ. ಪ್ಯೂರ್ ಡೇಟಾ, ಸೂಪರ್‌ಕೊಲೈಡರ್, ಆರ್ಡರ್‌ನಂಥ ಮುಕ್ತ ತಂತ್ರಾಂಶಗಳು ಮೂರೂ ಬಗೆಯ ಯಂತ್ರಗಳಲ್ಲಿ ನಡೆಯುತ್ತವೆ. ಯಾರದೋ ಬೀಗ ಒಡೆದು ಕದ್ದ ತಂತ್ರಾಂಶದಿಂದ ಆರಂಭಿಸುವ ಅಗತ್ಯವೂ ಇಲ್ಲ.

ಇಷ್ಟೆಲ್ಲ ಕೇಳಿದ ಹುಡುಗ ಪಟ್ಟಿಯನ್ನು ಮಡಚಿ ಜೇಬಿಗಿಟ್ಟ. ಎರಡು ತಿಂಗಳ ಬಳಿಕ ಅವನು ಕೊಂಡದ್ದು ಒಬ್ಬರು ನಾಲ್ಕು ವರ್ಷ ಬಳಸಿದ ಲ್ಯಾಪ್‌ಟಾಪ್. 16 ಜಿಬಿ ಮೆಮೊರಿ, ಹಳೆಯ ಡಿಸ್ಕ್ ತೆಗೆದು ಹಾಕಿಸಿದ ಎಸ್‌ಎಸ್‌ಡಿ. ಕೊಳ್ಳುವ ಮೊದಲು ಮಾರುವವರ ಮನೆಯಲ್ಲೇ ಒಂದು ಗಂಟೆ ಕುಳಿತು, ಕಂತೆಯನ್ನು 128ಕ್ಕಿಳಿಸಿ ನುಡಿಸಿ ನೋಡಿದನಂತೆ. ಉಳಿದ ಹಣದ ಒಂದು ಭಾಗದಲ್ಲಿ ನಾಲ್ಕು ಹೊರದಾರಿಗಳಿರುವ ಸಣ್ಣ ಆಡಿಯೋ ಇಂಟರ್‌ಫೇಸ್ ತಂದ. ಸಭೆಗೆ ಒಂದು ಧ್ವನಿ ಹೋಗುತ್ತಿರುವಾಗ ಮುಂದಿನದನ್ನು ಅವನೊಬ್ಬನೇ ಹೆಡ್‌ಫೋನಿನಲ್ಲಿ ಕೇಳಿಕೊಳ್ಳಲು ಅದು ಬೇಕಿತ್ತು.

ಮೊನ್ನೆ ಅವನ ಮೊದಲ ರಚನೆಯನ್ನು ಕೇಳಿಸಿದ. ಅದರಲ್ಲಿ ಅವನ ತಾಯಿಯ ಹೊಲಿಗೆ ಯಂತ್ರದ ಸದ್ದು ತಾಳವಾಗಿತ್ತು. ಕೇಳುತ್ತ ಕುಳಿತ ತಂಗಿಯ ಕೈಯಲ್ಲಿ ಬಳೆ ಹಾಗೆಯೇ ಇತ್ತು.