ಆಟಿಸಂ ಮತ್ತು ಕರುಳು: ಸಂಶೋಧನೆಯ ವಿವಾದ

ಆಟಿಸಂ ಇರುವ ಮಕ್ಕಳಲ್ಲಿ ಮಲಬದ್ಧತೆ, ಭೇದಿ, ಹೊಟ್ಟೆನೋವು ಇತರ ಮಕ್ಕಳಿಗಿಂತ ಹೆಚ್ಚು. ಇದರಲ್ಲಿ ತಜ್ಞರಿಗೆ ಭಿನ್ನಮತವಿಲ್ಲ. ವಾದವಿರುವುದು ಕಾರಣದ ಬಗ್ಗೆ. 1998ರಲ್ಲಿ ಲಂಡನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ 12 ಮಕ್ಕಳನ್ನು ಆಧರಿಸಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಕರುಳಿನ ಉರಿಯೂತ, ಆಟಿಸಂ, ಎಂಎಂಆರ್ (ದಡಾರ, ಮಂಗಬಾವು, ರುಬೆಲ್ಲಾ) ಲಸಿಕೆಗಳ ನಡುವೆ ನಂಟು ಸೂಚಿಸಿದರು. 2010ರಲ್ಲಿ ಪತ್ರಿಕೆ ಆ ವರದಿಯನ್ನು ಹಿಂಪಡೆಯಿತು. ಅವರ ವೈದ್ಯಕೀಯ ನೋಂದಣಿಯೂ ರದ್ದಾಯಿತು. ಆ ಹಗರಣದ ಗದ್ದಲದಲ್ಲಿ ಮಕ್ಕಳ ನಿಜವಾದ ಹೊಟ್ಟೆನೋವು ಹಿಂದೆ ಸರಿದದ್ದು ದೊಡ್ಡ ಅನ್ಯಾಯ.

2021ರಲ್ಲಿ ‘ಸೆಲ್’ ಪತ್ರಿಕೆ ಪ್ರಕಟಿಸಿದ ಆಸ್ಟ್ರೇಲಿಯಾದ 247 ಮಕ್ಕಳ ಅಧ್ಯಯನ, ಕರುಳಿನ ಸೂಕ್ಷ್ಮಾಣುಗಳಿಂದ ಆಟಿಸಂ ಎಂಬ ವಾದವನ್ನೇ ತಿರುಗಿಸಿತು: ಆಟಿಸಂ ಇರುವ ಮಕ್ಕಳು ಕೆಲವೇ ತಿನಿಸುಗಳಿಗೆ ಅಂಟಿಕೊಳ್ಳುವುದರಿಂದ ಕರುಳಿನ ಸೂಕ್ಷ್ಮಾಣುಗಳ ವೈವಿಧ್ಯ ಕುಗ್ಗುತ್ತದೆ ಎಂದಿತು.

ಆಟಿಸಂಗೆಂದು ಗೋಧಿ, ಹಾಲು ಬಿಡಿಸುವ ಪಥ್ಯಕ್ಕೆ ಗಟ್ಟಿ ಪುರಾವೆಯಿಲ್ಲ. ಬೆಳಗಾವಿಯ ಮನೆಯಲ್ಲಿ ಹಾಗೆ ಮಾಡಿದರೆ ಚಪಾತಿ, ಮೊಸರು, ಹಾಲಿನ ಸಿಹಿ ಕುಂದಾ ಎಲ್ಲವೂ ಬಂದ್. ಜೋಳದ ರೊಟ್ಟಿಗೆ, ಖಾನಾಪುರದ ಕಡೆಯ ಅನ್ನಕ್ಕೆ ಅಡ್ಡಿಯಿಲ್ಲ, ಅವುಗಳಲ್ಲಿ ಗೋಧಿಯಲ್ಲಿರುವ ಪ್ರೋಟೀನಾದ ಗ್ಲುಟೆನ್ ಇಲ್ಲ. ಆದರೆ ಮೂರ್ನಾಲ್ಕು ಪದಾರ್ಥವನ್ನಷ್ಟೇ ಮುಟ್ಟುವ ಮಗುವಿನ ತಟ್ಟೆಯಿಂದ ಹಾಲು ಮೊಸರೂ ಹೋದರೆ ಕ್ಯಾಲ್ಸಿಯಂ ಕೊರತೆಯಾದೀತು. ಮಾತು ಬಾರದ ಮಗು ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಂಡರೆ, ಮೇಜಿನ ಅಂಚಿಗೆ ಹೊಟ್ಟೆ ಒತ್ತಿಕೊಂಡರೆ ಅದನ್ನು ಹಟವೆಂದು ಬೈಯದೆ, ಮಕ್ಕಳ ವೈದ್ಯರಿಗೆ ತೋರಿಸಿ ಮೊದಲು ಹೊಟ್ಟೆಯನ್ನು ಪರೀಕ್ಷೆ ಮಾಡಿಸಬೇಕು.