ಉಪಗ್ರಹ ಇರುವಾಗ ಸಮುದ್ರದ ನಕ್ಷೆಗೆ ಸರ್ಕಾರಿ ಕಚೇರಿ ಏಕೆ? ಅದರ ಖರ್ಚು ಯಾರ ತಲೆಯ ಮೇಲೆ?

"ಗೂಗಲ್ ಮ್ಯಾಪ್‌ನಲ್ಲಿ ಇಡೀ ಭೂಮಿಯೇ ಕಾಣುತ್ತದೆ. ಹಾಗಿದ್ದೂ ಸಮುದ್ರದ ನಕ್ಷೆ ಮಾಡಲು ಸರ್ಕಾರ ಕಚೇರಿ, ಹಡಗು, ನೌಕರರನ್ನು ಇಟ್ಟುಕೊಂಡಿದೆ. ತೆರಿಗೆ ಹಣ ನೀರುಪಾಲು!" ಕೇಳಿದ ಕೂಡಲೇ ಹೌದಲ್ಲ ಎನಿಸುವ ವಾದ ಇದು. ಇದರೊಳಗೆ ಎರಡು ನಂಬಿಕೆಗಳಿವೆ: ಉಪಗ್ರಹಕ್ಕೆ ಸಮುದ್ರದ ತಳ ಕಾಣುತ್ತದೆ ಎಂಬುದು ಒಂದು, ಖರ್ಚೆಲ್ಲ ಜನರ ತೆರಿಗೆಯಿಂದಲೇ ಎಂಬುದು ಇನ್ನೊಂದು. ಈ ಕ್ಷೇತ್ರದ ಹಳೆಯ ಸಂಸ್ಥೆಗಳಲ್ಲಿ ಒಂದಾದ ಬ್ರಿಟನ್ನಿನ ಯುಕೆ ಹೈಡ್ರೋಗ್ರಾಫಿಕ್ ಆಫೀಸ್‌ನ ಉದಾಹರಣೆಯಿಂದ ಎರಡನ್ನೂ ಪರಿಶೀಲಿಸೋಣ.

ಉಪಗ್ರಹಕ್ಕೆ ಸಮುದ್ರದ ತಳ ಕಾಣುತ್ತದೆಯೇ?

ಬಹುಮಟ್ಟಿಗೆ ಇಲ್ಲ. ತಿಳಿನೀರಿನಲ್ಲೂ ಕೆಲವು ಹತ್ತು ಮೀಟರ್ ಆಳದವರೆಗಿನ ತಳವಷ್ಟೇ ಬೆಳಕಿನ ಮೂಲಕ ಉಪಗ್ರಹಕ್ಕೆ ಕಾಣುತ್ತದೆ. ರೇಡಿಯೋ ಅಲೆಗಳು ಉಪ್ಪುನೀರನ್ನು ದಾಟುವುದೇ ಇಲ್ಲವೆನ್ನಬಹುದು. ಸಮುದ್ರದ ಮೇಲ್ಮೈಯ ಸಣ್ಣ ಏರಿಳಿತ ನೋಡಿ ತಳದಲ್ಲಿ ಬೆಟ್ಟವಿದೆಯೇ ಎಂದು ಉಪಗ್ರಹದಿಂದ ಅಂದಾಜು ಮಾಡಬಹುದು. ಆದರೆ ಆ ಅಂದಾಜಿನಲ್ಲಿ ಹಡಗಿನ ಅಡಿ ಸೀಳುವಷ್ಟು ಸಣ್ಣ ಬಂಡೆಗಳು ಸಿಗುವುದಿಲ್ಲ.

ಹಿಂದೆ ಸೀಸದ ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು ಆಳವನ್ನು ಮಾರುಗಳಲ್ಲಿ ಎಣಿಸುತ್ತಿದ್ದರು. ಈಗ ಹಡಗಿನಿಂದ ಶಬ್ದದ ಅಲೆ ಕಳಿಸಿ, ಅದು ತಳಕ್ಕೆ ಬಡಿದು ಮರಳಲು ಹಿಡಿಯುವ ಸಮಯದಿಂದ ಆಳ ಲೆಕ್ಕ ಹಾಕುತ್ತಾರೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಹೊಲ ಉಳುವಂತೆ ಸಾಲು ಸಾಲಾಗಿ ಹಡಗು ಓಡಿಸಬೇಕು. ಹಾಗಾಗಿಯೇ ಜಗತ್ತಿನ ಸಮುದ್ರತಳದಲ್ಲಿ ಈವರೆಗೆ ಸರಿಯಾಗಿ ಅಳೆದಿರುವುದು ಸುಮಾರು ನಾಲ್ಕನೇ ಒಂದು ಭಾಗ ಮಾತ್ರ.

ನಕ್ಷೆ ತಪ್ಪಿದರೆ ಏನಾಗುತ್ತದೆ?

2005ರ ಜನವರಿಯಲ್ಲಿ ಅಮೆರಿಕದ ಜಲಾಂತರ್ಗಾಮಿ ಯುಎಸ್‌ಎಸ್ ಸ್ಯಾನ್ ಫ್ರಾನ್ಸಿಸ್ಕೊ, ಗುವಾಮ್ ದ್ವೀಪದ ಬಳಿ ನೀರಿನಡಿಯ ಬೆಟ್ಟಕ್ಕೆ ಡಿಕ್ಕಿ ಹೊಡೆಯಿತು. ಆಗ ಬಳಸುತ್ತಿದ್ದ ನಕ್ಷೆಯಲ್ಲಿ ಆ ಬೆಟ್ಟ ಇರಲಿಲ್ಲ. ಒಬ್ಬ ನಾವಿಕ ಸತ್ತ, ಹಲವರು ಗಾಯಗೊಂಡರು. 2013ರ ಜನವರಿಯಲ್ಲಿ ಯುಎಸ್‌ಎಸ್ ಗಾರ್ಡಿಯನ್ ಫಿಲಿಪ್ಪೀನ್ಸ್‌ನ ಟುಬ್ಬಾಟಹ ಹವಳದ ದಿಬ್ಬದ ಮೇಲೆ ಸಿಕ್ಕಿಬಿತ್ತು. ಡಿಜಿಟಲ್ ನಕ್ಷೆಯೊಂದು ಆ ದಿಬ್ಬವನ್ನು ಸುಮಾರು 8 ನಾಟಿಕಲ್ ಮೈಲಿ ಆಚೆಗೆ ತೋರಿಸಿತ್ತು. ಈ ತಪ್ಪಿಗೆ ಮೂಲ ಉಪಗ್ರಹ ಚಿತ್ರದ ಮಾಹಿತಿಯೇ! ಬೇರೆ ನಕ್ಷೆಯೊಂದರಲ್ಲಿ ಜಾಗ ಸರಿಯಾಗಿತ್ತು, ಸಿಬ್ಬಂದಿ ಎರಡನ್ನೂ ತಾಳೆ ನೋಡಿರಲಿಲ್ಲ. ಕೊನೆಗೆ ಹಡಗನ್ನು ತುಂಡು ತುಂಡಾಗಿ ಕತ್ತರಿಸಿ ಸಾಗಿಸಬೇಕಾಯಿತು.

ಈ ಕಚೇರಿ ಮಾಡುವುದೇನು?

ಯುಕೆ ಹೈಡ್ರೋಗ್ರಾಫಿಕ್ ಆಫೀಸ್ ಶುರುವಾದದ್ದು 1795ರಲ್ಲಿ. ಶತ್ರುಗಳ ಗುಂಡಿಗಿಂತ ಹೆಚ್ಚಾಗಿ ಬಂಡೆ, ಮರಳುದಿಬ್ಬಗಳೇ ಬ್ರಿಟಿಷ್ ನೌಕಾಪಡೆಯ ಹಡಗುಗಳನ್ನು ನುಂಗುತ್ತಿದ್ದ ಕಾಲ ಅದು. ಮೊದಲ ನಕ್ಷೆ ಹೊರಬಂದದ್ದು 1800ರಲ್ಲಿ. 1821ರಿಂದ ವ್ಯಾಪಾರಿ ಹಡಗುಗಳಿಗೂ ನಕ್ಷೆ ಮಾರತೊಡಗಿದರು.

ಇಂದು ಸಂಸ್ಥೆ ಇರುವುದು ಟಾಂಟನ್ ಪಟ್ಟಣದಲ್ಲಿ, ರಕ್ಷಣಾ ಸಚಿವಾಲಯದ ಒಡೆತನದಲ್ಲಿ. ಸರ್ವೆ ಹಡಗು, ಬಂದರು ಮತ್ತು ಬೇರೆ ದೇಶಗಳಿಂದ ಬರುವ ಮಾಹಿತಿಯನ್ನು ತಾಳೆ ನೋಡಿ 'ಅಡ್ಮಿರಾಲ್ಟಿ' ಹೆಸರಿನಲ್ಲಿ ನಕ್ಷೆ ಹೊರತರುವುದು ಇದರ ಕೆಲಸ. ಉಬ್ಬರವಿಳಿತದ ಪಟ್ಟಿಯನ್ನೂ ಪ್ರಕಟಿಸುತ್ತದೆ. ಹೊಸದಾಗಿ ಹಡಗು ಮುಳುಗಿದೆಯೇ, ದೀಪಸ್ತಂಭದ ಬೆಳಕು ಬದಲಾಗಿದೆಯೇ ಎಂಬಂಥ ತಿದ್ದುಪಡಿಗಳು ಪ್ರತಿ ವಾರ ಹೊರಬೀಳುತ್ತವೆ.

ಖರ್ಚು ಯಾರದು?

1996ರಿಂದ ಇದು 'ಟ್ರೇಡಿಂಗ್ ಫಂಡ್'. ಅಂದರೆ ಸರ್ಕಾರಿ ಸಂಸ್ಥೆಯಾದರೂ ತಾನು ಮಾರಿದ್ದರಲ್ಲೇ ಸಂಬಳ, ಖರ್ಚು ತೂಗಿಸಬೇಕು. ಲಾಭ ಬಂದರೆ ರಕ್ಷಣಾ ಸಚಿವಾಲಯಕ್ಕೆ ಡಿವಿಡೆಂಡ್ ಕೊಡಬೇಕು. ಗಿರಾಕಿಗಳು ಜಗತ್ತಿನ ಸರಕು ಹಡಗುಗಳು. ಸರ್ಕಾರದ ಅಧಿಕಾರದಡಿ ಹೊರಬಂದ, ತಿದ್ದುಪಡಿಯಾದ ನಕ್ಷೆ ಇಲ್ಲದೆ ಅವು ಸಮುದ್ರಕ್ಕಿಳಿಯಬಾರದೆಂದು ಸೋಲಾಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಹೇಳುತ್ತದೆ. ಗೂಗಲ್ ಮ್ಯಾಪ್ ಆ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾದರೆ ತೆರಿಗೆ ಹಣ ಒಂದು ಪೈಸೆಯೂ ಇಲ್ಲವೇ? ಹಾಗೂ ಅಲ್ಲ. ಬ್ರಿಟನ್ ಸುತ್ತಲಿನ ಸಮುದ್ರ ಅಳೆಯುವ ನೌಕಾಪಡೆ ಮತ್ತು ಕರಾವಳಿ ಸುರಕ್ಷತಾ ಸಂಸ್ಥೆಯ ಸರ್ವೆಗಳು ನಡೆಯುವುದು ಸರ್ಕಾರದ ದುಡ್ಡಿನಲ್ಲೇ. ಅಳೆಯುವುದಕ್ಕೆ ಜನರ ಹಣ, ನಕ್ಷೆ ಮಾಡುವುದಕ್ಕೆ ಗಿರಾಕಿಯ ಹಣ ಎನ್ನಬಹುದು. ಅಮೆರಿಕದ ದಾರಿ ಬೇರೆ: ಅಲ್ಲಿ ನೋವಾ ಸಂಸ್ಥೆ ತೆರಿಗೆ ಹಣದಲ್ಲಿ ನಕ್ಷೆ ಮಾಡಿ, ಡಿಜಿಟಲ್ ರೂಪದಲ್ಲಿ ಎಲ್ಲರಿಗೂ ಉಚಿತವಾಗಿ ಕೊಡುತ್ತದೆ.

ಮಾರಾಟವೇ ಜೀವಾಳವಾದರೆ ತೊಂದರೆ ಇಲ್ಲವೇ?

ಇದೆ. 2012ರಿಂದ 2018ರ ನಡುವೆ ಹಂತಹಂತವಾಗಿ ದೊಡ್ಡ ಹಡಗುಗಳಿಗೆ ಎಲೆಕ್ಟ್ರಾನಿಕ್ ನಕ್ಷೆ ಕಡ್ಡಾಯವಾಯಿತು, ಕಾಗದದ ನಕ್ಷೆಗಳ ಮಾರಾಟ ಇಳಿಯಿತು. 2026ರ ಕೊನೆಯೊಳಗೆ ಕಾಗದದ ನಕ್ಷೆ ನಿಲ್ಲಿಸುತ್ತೇವೆ ಎಂದು ಸಂಸ್ಥೆ 2022ರಲ್ಲಿ ಪ್ರಕಟಿಸಿತು. ಆದರೆ ಸಣ್ಣ ದೋಣಿಗಳವರಿಗೆ ಸರಿಹೊಂದುವ, ಮಾನ್ಯತೆ ಇರುವ ಡಿಜಿಟಲ್ ವ್ಯವಸ್ಥೆ ಇನ್ನೂ ಸಿದ್ಧವಿರಲಿಲ್ಲ. ಆಕ್ಷೇಪಗಳು ಬಂದವು. ಗಡುವನ್ನು 2030ರ ಆಚೆಗೆ ಮುಂದೂಡಲಾಯಿತು. ದೊಡ್ಡ ಗಿರಾಕಿಗೆ ಬೇಡವಾದದ್ದು ಸಣ್ಣವರಿಗೆ ಜೀವ ಉಳಿಸುವ ವಸ್ತುವಾಗಿರಬಹುದು. ಅದನ್ನು ಮಾರಾಟದ ಲೆಕ್ಕವೊಂದೇ ತೀರ್ಮಾನಿಸಬಾರದು.

ನಮ್ಮ ಕರಾವಳಿಯ ನಕ್ಷೆ ಯಾರದು?

ಮಂಗಳೂರು, ಕಾರವಾರ ಸೇರಿದಂತೆ ಭಾರತದ ಸಮುದ್ರದ ಅಧಿಕೃತ ನಕ್ಷೆ ಮಾಡುವುದು ಡೆಹ್ರಾಡೂನ್‌ನ ನ್ಯಾಷನಲ್ ಹೈಡ್ರೋಗ್ರಾಫಿಕ್ ಆಫೀಸ್. ಇದು ಭಾರತೀಯ ನೌಕಾಪಡೆಯ ಅಡಿಯಲ್ಲಿದೆ. ಇದರ ಬೇರು 1874ರಲ್ಲಿ ಕೋಲ್ಕತ್ತಾದಲ್ಲಿ ಶುರುವಾದ ಸಮುದ್ರ ಸರ್ವೆ ಇಲಾಖೆಯಲ್ಲಿದೆ. 2024ರ ಫೆಬ್ರವರಿಯಲ್ಲಿ ನೌಕಾಪಡೆಗೆ ಸೇರಿದ ಐಎನ್‌ಎಸ್ ಸಂಧಾಯಕ್ ಇಂಥ ಸರ್ವೆಗೆಂದೇ ಕಟ್ಟಿದ ಹಡಗು.

ಒಟ್ಟಿನಲ್ಲಿ

"ಉಪಗ್ರಹ ಸಾಕು" ಎಂಬುದು ತಪ್ಪು. "ಎಲ್ಲವೂ ತೆರಿಗೆ ಹಣ" ಎಂಬುದು ಬ್ರಿಟನ್ನಿನ ಮಟ್ಟಿಗೆ ಅರ್ಧ ಸತ್ಯ. ಒಂದಂತೂ ನಿಜ: ಸಮುದ್ರದಲ್ಲಿ ನಡೆಯುವ ಅಳತೆಯ ಖರ್ಚನ್ನು ಯಾರಾದರೂ ಭರಿಸಲೇಬೇಕು. ಇಂಥ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ ಮುಂದೆ ಕಳಿಸುವ ಮೊದಲು ಒಂದು ಪ್ರಶ್ನೆ ಕೇಳಿ: ಆ ನೀರಿನ ಆಳವನ್ನು ಅಳೆದವರು ಯಾರು?